ಎಲ್ಲರೂ ಉಂಡ ಮೇಲೆ ಯಜಮಾನ

"ಒಲೆ ಮುಂದೆ ಕೂತವಳು ಜಮೀನು ನಡೆಸ್ತಾಳಾ?" ಎಂದು ನಕ್ಕಿದ್ದ ನನ್ನ ಮೈದುನ. ಆದರೂ ಗೇಣಿಗೆ ಹಿಡಿದ ನೆಲದಲ್ಲಿ ನಾವು ಊರಿನ ಕೆಲವು ಹೆಂಗಸರು ಕೂಡಿ ಉತ್ತು, ಕೂಡಿ ಉಂಡು ಬದುಕಿದೆವು.

ಒಂದು ಮಧ್ಯಾಹ್ನ ನೆಲದ ಒಡೆಯ ಚಿಕ್ಕೀರೇಗೌಡರು ಪತ್ರ ಹಿಡಿದು ಬಂದರು. "ನಿಮ್ಮ ಗುಂಪಿಗೆ ನನ್ನನ್ನ ಯಜಮಾನ ಮಾಡಿ, ನೆಲ ನಿಮ್ಮೆಲ್ಲರ ಹೆಸರಿಗೆ ಬರ್ಕೊಡ್ತೀನಿ. ಇಲ್ಲಾಂದ್ರೆ ನಾಳೆ ಜಾಗ ಖಾಲಿ ಮಾಡಿ."

ನಮ್ಮಲ್ಲಿ ಯಜಮಾನಿಕೆ ವಾರಕ್ಕೊಬ್ಬರದು. ಒಬ್ಬರಿಗೇ ಕೊಟ್ಟರೆ ಎಲ್ಲ ಮುಗಿದಂತೆ. ಆ ವಾರದ ಯಜಮಾನಿ ನಾನು; ಎಲ್ಲರೂ ನನ್ನ ಕಡೆ ತಿರುಗಿದರು.

"ಆಗಲಿ ಗೌಡ್ರೇ, ರುಜು ಹಾಕಿ," ಎಂದೆ. ಹಾಕಿದರು. ಹಾಕಿದವರೇ ಊಟದ ಮೊದಲ ಎಲೆಗೆ ಕುಳಿತರು.

"ಏಳಿ ಗೌಡ್ರೇ. ಇಲ್ಲಿ ಯಜಮಾನ ಬಡಿಸಬೇಕು, ಎಲ್ಲರೂ ಉಂಡ ಮೇಲೆ ಉಣ್ಣಬೇಕು."

ಗೌಡರು ಮುಖ ಗಂಟಿಕ್ಕಿಕೊಂಡೇ ಬಡಿಸಿದರು; ಪತ್ರ ಹರಿದುಬಿಟ್ಟಾರೆಂಬ ಹೆದರಿಕೆಯಲ್ಲೇ ನಾವು ಉಂಡೆವು. ತಮಗೇನೂ ಉಳಿಯದೆ ಪಾತ್ರೆಯ ತಳ ಕಂಡಾಗ ಗೌಡರು ಸೌಟು ಎಸೆದರು. "ನಿಮ್ಮ ಯಜಮಾನಿಕೆ ನೀವೇ ಇಟ್ಕೊಳ್ಳಿ!" ಎಂದವರು ರುಜು ಹಾಕಿದ ಪತ್ರ ಅಲ್ಲೇ ಬಿಟ್ಟು ಹೊರಟರು.

ಈಗ ಆ ನೆಲದಲ್ಲಿ ನನಗೂ ಪಾಲಿದೆ. ಅದಕ್ಕೆ ತೆತ್ತದ್ದು ನನ್ನ ನೆಮ್ಮದಿ. ಅವತ್ತು ಹೆದರುತ್ತ ನುಂಗಿದ ಮುದ್ದೆ ಇನ್ನೂ ಅರಗಿಲ್ಲ.