ಹತ್ತು ದಿನದ ಮುಂಗಡ ಊಟ

"ಕೇಳಿ, ಊರವರೇ ಕೇಳಿ. ಕರಿಗಲ್ಲುಪಟ್ಟಣದ ಅರಸರ ಅಪ್ಪಣೆ. ಕೆರೆ ದಡದ ವಿಹಾರದ ಮನೆಯಲ್ಲಿ ಹತ್ತು ದಿನ ತಂಗಿ, ಹನ್ನೊಂದನೆಯ ದಿನ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ. ಬುತ್ತಿ ತರುವವರು ತರಬಹುದು. ಅರಮನೆಯ ಊಟ ಬೇಕಾದವರು ಒಂದು ಜೋಡಿ ಎತ್ತು ಮುಂಗಡ ಕೊಡಬೇಕು. ನಡುವೆ ಎದ್ದು ಹೋಗುವವರು ಹೋಗಬಹುದು, ಮುಂಗಡ ಮಾತ್ರ ವಾಪಸಿಲ್ಲ."

ಡಂಗುರದವನು ಮುಂದಿನ ಬೀದಿಗೆ ತಿರುಗುವ ಮೊದಲೇ ದೊಡ್ಡೀರ ಕೊಟ್ಟಿಗೆಗೆ ನುಗ್ಗಿ ಎತ್ತುಗಳ ಹಗ್ಗ ಬಿಚ್ಚಿದ್ದ. ಆ ಮನೆಗೆ ಆಸ್ತಿ ಅಂತ ಇದ್ದದ್ದು ಆ ಎರಡೇ ಎತ್ತು. ತಮ್ಮ ಸಣ್ಣೀರ ಬಾಗಿಲಿಗೆ ಅಡ್ಡ ನಿಂತ.

"ಒಗಟಿಗೆ ಹೋಗೋದಾದ್ರೆ ಹೋಗಣ್ಣ. ಊಟಕ್ಕೆ ಎತ್ತು ಯಾಕೆ? ಅವ್ವ ರೊಟ್ಟಿ ಕಟ್ಟಿಕೊಡ್ತಾಳೆ."

"ನಿಂಗೆ ಲೆಕ್ಕ ಬರಲ್ಲ ಕಣೋ. ಮೂರು ಹೊತ್ತು, ಹತ್ತು ದಿನ. ಹೋಳಿಗೆ, ಕಜ್ಜಾಯ, ತುಪ್ಪ, ಬೇಕಾದಷ್ಟು. ಬಿಡಿಬಿಡಿಯಾಗಿ ಕೊಂಡ್ರೆ ನಾಲ್ಕು ಎತ್ತಿನ ಬೆಲೆ. ಎರಡು ಎತ್ತು ನಮಗೇ ಲಾಭ."

ನೋಡಿ, ಬುದ್ಧಿ ಕೆಡುವುದು ಹೀಗೆ. ಎರಡು ಮುದ್ದೆ ಉಂಡು ಕೈ ತೊಳೆಯುತ್ತಿದ್ದವನು ನಾಲ್ಕು ಎತ್ತಿನಷ್ಟು ಊಟವನ್ನು ಎಲ್ಲಿಗೆ ತುಂಬಿಕೊಳ್ಳುತ್ತಾನೆ? ಅದೊಂದನ್ನು ಅವನು ಕೇಳಿಕೊಳ್ಳಲಿಲ್ಲ.

ಸಣ್ಣೀರನಿಗೆ ಮನಸ್ಸು ತಡೆಯಲಿಲ್ಲ. ಅದೇ ವಿಹಾರದ ಮನೆಯಲ್ಲಿ ಎಂಜಲೆಲೆ ಎತ್ತುವ ಕೆಲಸಕ್ಕೆ ಸೇರಿಕೊಂಡ. ಪಂಕ್ತಿಯಲ್ಲಿ ಮೂವರು: ರೇಷ್ಮೆ ವ್ಯಾಪಾರಿಯ ಮಗ ಚೆನ್ನಸೆಟ್ಟಿ, ತರ್ಕ ಓದಿದ ಸುಬ್ಬಾಪಂಡಿತ, ಕೊನೆಗೆ ದೊಡ್ಡೀರ. ಮೊದಲ ದಿನ ಮೂರು ಎಲೆಯೂ ನೆಕ್ಕಿದ ಹಾಗಿದ್ದವು. ಮೂರನೆಯ ದಿನ ಅರ್ಧ ಉಳಿಯಿತು. ಐದನೆಯ ದಿನಕ್ಕೆ ಹಿತ್ತಲ ತಿಪ್ಪೆ ಆಳುದ್ದ ಬೆಳೆದು, ನಾಯಿಗಳು ಕೂಡ ಮೂಸಿ ಬಿಡುತ್ತಿದ್ದವು. ಆದರೂ ಮೂವರ ಬಾಯಲ್ಲಿ ಒಂದೇ ಮಾತು: "ಇನ್ನೊಂದು ಬಡಿಸು, ಮುಂಗಡ ಕೊಟ್ಟಿಲ್ವೇನು?" ಉಣ್ಣುವುದು, ಹೊಟ್ಟೆ ಹಿಡಿದುಕೊಂಡು ಮಲಗುವುದು, ಎದ್ದು ಮತ್ತೆ ಉಣ್ಣುವುದು. ಒಗಟಿನ ಯೋಚನೆ ಯಾರಿಗಿತ್ತು?

ಏಳನೆಯ ದಿನ ದೊಡ್ಡೀರ ಬಾವಿಕಟ್ಟೆಯ ಮೇಲೆ ಜೀರಿಗೆ ಅಗಿಯುತ್ತಾ ಕೂತಿದ್ದ. ಮುಖ ಬೂದಿಯಾಗಿತ್ತು.

"ಬಾ ಅಣ್ಣ, ಹೋಗೋಣ. ಹೆಬ್ಬಾಗಿಲು ತೆಗೆದೇ ಇದೆ. ತಡೆಯೋರು ಒಬ್ಬರೂ ಇಲ್ಲ."

"ಇನ್ನೂ ಮೂರು ದಿನದ ಊಟ ಇದೆಯಲ್ಲೋ. ಬಿಟ್ಟು ಹೋದ್ರೆ ಎತ್ತು ಸುಮ್ನೆ ಹೋದ ಹಾಗಲ್ವಾ?"

"ಎತ್ತು ಹೋಗಿ ಏಳು ದಿನ ಆಯ್ತು. ನೀನಿನ್ನೂ ಇದ್ದೀಯ."

ದೊಡ್ಡೀರ ತುಂಬ ಹೊತ್ತು ಆ ಬಾಗಿಲನ್ನೇ ನೋಡಿದ. ಅಷ್ಟರಲ್ಲಿ ಊಟದ ಗಂಟೆ ಬಾರಿಸಿದರು. ಎದ್ದು ಒಳಗೆ ಹೋದ.

ಹನ್ನೊಂದನೆಯ ದಿನ ಅರಸ ಪಂಕ್ತಿಯ ಮುಂದೆಯೇ ಗದ್ದುಗೆ ಹಾಕಿಸಿ ಕೂತ. ಪಕ್ಕದಲ್ಲಿ ಕತ್ತಿ ಹಿಡಿದವನು ನಿಂತ.

"ಮೂರನ್ನೂ ಒಟ್ಟಿಗೆ ಹೇಳುತ್ತೇನೆ. ಯಾವುದು ತಿಳಿಯಿತೋ ಅಲ್ಲಿಂದ ಶುರುಮಾಡಿ. ಒಂದು ತಪ್ಪಿದರೆ ಮುಗಿಯಿತು. ಮೊದಲನೆಯದು: ಅದಕ್ಕೆ ಹಸಿವಿಲ್ಲ, ನಾಲಿಗೆಯಿಲ್ಲ, ಹೊಟ್ಟೆ ಸಾಕೆಂದರೂ ಅದು ಬಡಿಸು ಎನ್ನುತ್ತದೆ. ಎರಡನೆಯದು: ಕೊಟ್ಟವನೊಬ್ಬ, ಬೇಯಿಸಿದವನೊಬ್ಬ, ಹೆಚ್ಚು ಉಂಡದ್ದು ಮಾತ್ರ ಎಲೆಯ ಮುಂದೆ ಕೂರದೇ ಇದ್ದದ್ದು. ಮೂರನೆಯದು: ಬೀಗವಿಲ್ಲ, ಕಾವಲಿಲ್ಲ, ಬಾಗಿಲು ತೆರೆದ ಸೆರೆಮನೆಯಲ್ಲಿ ಸೆರೆಯಾಳೇ ಬಾಗಿಲು ಕಾಯುತ್ತಾನೆ. ಅವನನ್ನು ಕಟ್ಟಿದ್ದು ಯಾವುದು?"

ಚೆನ್ನಸೆಟ್ಟಿ ಮೊದಲನೆಯದಕ್ಕೆ ಬೆಂಕಿ ಅಂದ. ಅರಸ ಅಲ್ಲವೆಂದು ತಲೆಯಾಡಿಸಿದ. ಕತ್ತಿ ಬಿತ್ತು. ಪಂಡಿತ ಎರಡನೆಯದಕ್ಕೆ ದೇವರು ಅಂದ. ಅವನನ್ನೂ ಎಳೆದೊಯ್ದರು.

ಕಂಬದ ಮರೆಯಲ್ಲಿದ್ದ ಸಣ್ಣೀರನಿಗೆ ಮೂರನೆಯದು ಕೇಳಿದಾಗಲೇ ಉತ್ತರ ಹೊಳೆದಿತ್ತು. ಬಾಯಿ ತೆರೆದ. ಅರಸ ಕಂಡ.

"ಕೂತವರಿಗೆ ಯಾರಾದರೂ ಹೇಳಿಕೊಟ್ಟರೆ ಮೊದಲು ಕೂತವನ ತಲೆ ಹೋಗುತ್ತದೆ."

ಸಣ್ಣೀರ ಬಾಯಿ ಮುಚ್ಚಿಕೊಂಡು ಹೆಬ್ಬಾಗಿಲನ್ನು ನೋಡಿದ, ಅಣ್ಣನನ್ನು ನೋಡಿದ, ಮತ್ತೆ ಬಾಗಿಲನ್ನು ನೋಡಿದ. ದೊಡ್ಡೀರ ತಲೆ ಎತ್ತಲೇ ಇಲ್ಲ.

"ಬುದ್ಧಿ, ಮೂರನೆಯದು... ಮಸಣ," ಅಂದ.

ಅಯ್ಯೋ, ಆ ಜೀವವೇ. ಆಮೇಲಿನದನ್ನು ನಾನು ಹೇಳಲಾರೆ.

ಸಣ್ಣೀರ ಎಂಜಲಿನ ಕುಕ್ಕೆ ಕೆಳಗಿಟ್ಟು ಮುಂದೆ ಬಂದ. ಕಣ್ಣಲ್ಲಿ ನೀರಿರಲಿಲ್ಲ.

"ಈಗ ನಾನು ಹೇಳಬಹುದಾ, ಬುದ್ಧಿ?"

"ತಪ್ಪಿದರೆ ಗೊತ್ತಲ್ಲ?"

"ಗೊತ್ತು. ಮೊದಲನೆಯದು ಮುಂಗಡ. ಹೊಟ್ಟೆ ಸಾಕು ಅಂದಾಗಲೂ ಕೊಟ್ಟ ಎತ್ತು ಬಡಿಸು ಅಂತಿತ್ತು. ಎರಡನೆಯದು ನಿಮ್ಮ ಹಿತ್ತಲ ತಿಪ್ಪೆ. ಹತ್ತು ದಿನ ನಾನೇ ಅದಕ್ಕೆ ಉಣ್ಣಿಸಿದ್ದೀನಿ. ಇವರು ಮೂವರೂ ಸೇರಿ ಅದರ ಅರ್ಧ ಉಂಡಿಲ್ಲ."

"ಮೂರನೆಯದು?"

"ಉಳಿದ ಮೂರು ದಿನದ ಊಟ. ನಮ್ಮಣ್ಣನ್ನ ಕಟ್ಟಿದ್ದು ಅದೇ."

"ಯಾವ ಗುರು ಕಲಿಸಿದ ನಿನಗೆ?" ಎಂದು ಅರಸ ಕೇಳಿದ.

"ಗುರು ಯಾರೂ ಇಲ್ಲ. ಎಲೆ ಎತ್ತಿದೆ."

ಅರಸನಾದರೂ ಮಾತು ಮಾತೇ. ಅರ್ಧ ರಾಜ್ಯ ಸಣ್ಣೀರನ ಪಾಲಿಗೆ ಬಂತು. ಕೆರೆ ದಡವನ್ನು ಅವನು ತನ್ನ ಅರ್ಧಕ್ಕೇ ಕೇಳಿ ತೆಗೆದುಕೊಂಡ, ಅಲ್ಲಿನ ಒಲೆಗಳಿಗೆ ಅದೇ ದಿನ ನೀರು ಹುಯ್ಯಿಸಿದ. ಅರಮನೆಯ ಕೊಟ್ಟಿಗೆಯಿಂದ ತಮ್ಮ ಎತ್ತುಗಳನ್ನು ಗುರುತು ಹಿಡಿದು ಬಿಡಿಸಿಕೊಂಡು, ಅವನ್ನೇ ಗಾಡಿಗೆ ಹೂಡಿ ಅಣ್ಣನನ್ನು ಮನೆಗೆ ತಂದ.

ಅವ್ವ ಗಾಡಿಯ ಹತ್ತಿರ ಬಂದು ದೊಡ್ಡ ಮಗನ ಪಾದ ಹಿಡಿದು ಕೂತಳು. ರಾಜ್ಯದ ಮಾತು ಅವಳ ಕಿವಿಗೆ ಬೀಳಲಿಲ್ಲ. "ಕೊನೇ ಹೊತ್ತು ಹೊಟ್ಟೆ ತುಂಬ ಉಂಡನೇನಪ್ಪಾ?" ಅಂದಳು.

ಹತ್ತನೆಯ ದಿನದ ಎಲೆ ಎತ್ತಿದ್ದವನು ಸಣ್ಣೀರನೇ. ಹೋಳಿಗೆ ಬಡಿಸಿದ ಹಾಗೇ ಇತ್ತು, ತುಪ್ಪ ಅದರ ಮೇಲೆ ಹೆಪ್ಪುಗಟ್ಟಿತ್ತು.

"ಉಂಡ ಕಣವ್ವ," ಅಂದ.