ಹತ್ತರ ಗೇರು, ಎಂಟರ ಹಿಡಿ

ಘಟಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಎಲ್ಲರೂ ಅಜ್ಜಾರು ಎನ್ನುವ ಒಬ್ಬರು ಸ್ವಾಮಿಗಳು, ಅವರಿಗೊಬ್ಬ ಶಿಷ್ಯ, ಇಬ್ಬರಿಗೂ ಸೇರಿ ಒಂದು ಗೇರಿನ ಸೈಕಲ್.

ರೇಸಿಗೆ ಹೋಗುತ್ತಿದ್ದ ಭಕ್ತನೊಬ್ಬ ಕೊಟ್ಟುಹೋದ ಸೈಕಲ್ ಅದು. ಪ್ರತಿ ಸೋಮವಾರ ಅಜ್ಜಾರು ಅದನ್ನೇರಿ ಗುಡ್ಡದಾಚೆಯ ಹಳ್ಳಿಗೆ ಭಿಕ್ಷೆಗೆ ಹೋಗುವರು. ಭಿಕ್ಷೆಗೆ ಹೋಗುವಾಗ ಮೋಟಾರು ಹತ್ತಬಾರದು, ಸ್ವಂತ ಕಾಲಿನ ಬಲದಲ್ಲೇ ಹೋಗಬೇಕು ಎಂಬುದು ಆ ಮಠದ ಕಟ್ಟಳೆ.

ಆ ಹಳ್ಳಿಯಲ್ಲಿ ಸಂಗವ್ವ ಎಂಬ ಮುದುಕಿ. ಸೋಮವಾರ ಜೋಳಿಗೆಗೆ ರೊಟ್ಟಿ ಹಾಕುವ ತನಕ ಅವಳು ತುತ್ತು ಮುಟ್ಟುವವಳಲ್ಲ.

ಈಚೆಗೆ ಅಜ್ಜಾರ ಮೊಣಕಾಲು ಸೋತಿದ್ದವು. ಏರು ಹತ್ತುವಾಗ ಅವರು ಏದುಸಿರು ಬಿಡುವುದನ್ನು ನೋಡಿ ಶಿಷ್ಯ ಅಡವಯ್ಯನಿಗೆ ಸುಮ್ಮನಿರಲಾಗಲಿಲ್ಲ. ಪೇಟೆಗೆ ಹೋಗಿ, ಹಿಂದಿನ ಗಾಲಿಗೆ ಹತ್ತು ಹಲ್ಲುಚಕ್ರಗಳ ಹೊಸ ಗೇರು, ಅದಕ್ಕೆ ತಕ್ಕ ಚೈನು ಹಾಕಿಸಿದ. ಹಳೆಯದರಲ್ಲಿ ಎಂಟೇ ಚಕ್ರಗಳಿದ್ದವು.

ಹ್ಯಾಂಡಲ್ ಮೇಲೆ ಗೇರು ಬದಲಿಸುವ ಹಿಡಿಯನ್ನೂ ಹೊಸದು ಹಾಕಬೇಕು ಎಂದು ಅಂಗಡಿಯವನು ಬಡಕೊಂಡ. ಹಳೆಯ ಹಿಡಿ ಎಂಟಕ್ಕೆಂದು ಮಾಡಿದ್ದು, ಚೈನು ಸರಿಸುವ ಅದರ ಒಂದೊಂದು ‘ಟಕ್’ ಆ ಅಳತೆಯದೇ, ಹತ್ತಕ್ಕೆ ಕೂಡುವುದಿಲ್ಲ ಎಂದ. ಅಡವಯ್ಯ ಕೇಳಬೇಕಲ್ಲ! ಅಜ್ಜಾರ ಹೆಬ್ಬೆರಳು ಸವೆಸಿದ ಹಿಡಿ ಅದು. ಗುರುವಿನ ಪಾದುಕೆಯನ್ನು ಯಾರಾದರೂ ಗುಜರಿಗೆ ಹಾಕುತ್ತಾರೆಯೇ? ಕಣ್ಣಿಗೊತ್ತಿಕೊಂಡು, ಅದನ್ನೇ ಉಳಿಸಿಕೊಂಡ. ಭಕ್ತಿ ಬೇಕು, ನಿಜ. ಇವನದು ತುಸು ಹೆಚ್ಚೇ ಆಯಿತು.

ಸೋಮವಾರ ಬೆಳಿಗ್ಗೆ ತಾನು ಮಾಡಿಸಿದ ಕೆಲಸ ನೋಡಲು ಏರಿನ ತನಕ ಅಜ್ಜಾರ ಹಿಂದೆಯೇ ಓಡಿದ. ಅರ್ಧ ಏರಿನಲ್ಲಿ ಅಜ್ಜಾರು ಹಿಡಿ ಒತ್ತಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗಾಯಿತು. ಹಿಡಿ ತನ್ನ ಅಳತೆಗೆ ನಿಂತಿತು. ಚೈನು ಎರಡು ಚಕ್ರಗಳ ನಡುವೆ ಸಿಕ್ಕಿ, ಕರಕರ ಅಂದು ಜಾರಿತು. ಅಜ್ಜಾರು ಬಿದ್ದರು.

ಮಠಕ್ಕೆ ಕರೆತಂದು ಮೊಣಕಾಲಿಗೆ ಅರಿಶಿನ ಹಚ್ಚುವಾಗ ಅಡವಯ್ಯ ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಾರು ಗಾಯದ ಕಡೆ ನೋಡಲೂ ಇಲ್ಲ. "ಹೊತ್ತು ಮ್ಯಾಲ ಬಂತು. ಸಂಗವ್ವ ಉಪಾಸ ಕುಂತಿರ್ತಾಳ. ನೀ ಹೋಗಿ ಬಾ," ಎಂದರು.

ಅಡವಯ್ಯ ಹಿಂಜರಿದ. ಹಿಂದೊಮ್ಮೆ ಅಜ್ಜಾರಿಗೆ ಜ್ವರ ಬಂದಾಗ ಅವನೇ ಹೋಗಿದ್ದ. ಭಿಕ್ಷೆಯ ಬಾಗಿಲಲ್ಲಿ ಅಜ್ಜಾರು ಆಡುವ ಮಾತನ್ನೆಲ್ಲ ಒಂದಕ್ಷರ ಬಿಡದೆ, ಅವರದೇ ರಾಗದಲ್ಲಿ, ನಡುನಡುವೆ ಅವರ ಕೆಮ್ಮನ್ನೂ ಸೇರಿಸಿ ಒಪ್ಪಿಸಿದ್ದ. ಸಂಗವ್ವ ಬಾಗಿಲು ಮುಚ್ಚಿಕೊಂಡಿದ್ದಳು. ಅಜ್ಜಾರೇ ಬರಲಿ ಎಂದು ಮರುದಿನದ ತನಕ ಉಂಡಿರಲಿಲ್ಲ.

"ನನ್ನ ಕೈಲೆ ಆಗೂದಿಲ್ರಿ ಅಜ್ಜಾರ. ನಿಮ್ಮಂಗ ಮಾತಾಡಿದ್ರೂ ಆಕಿ ಒಪ್ಪಲಿಲ್ಲ."

ಅಜ್ಜಾರು ಸೈಕಲ್ ಹತ್ತಿರ ತರಿಸಿ, ಹಿಡಿಯ ಬುಡದಲ್ಲಿದ್ದ ಸಣ್ಣ ಬಿಲ್ಲೆಯನ್ನು ತಿರುವಿದರು. ಸೈಕಲ್ ಕೊಟ್ಟ ಭಕ್ತ ಅದನ್ನು ಎಂದೋ ತೋರಿಸಿದ್ದ, ಈವರೆಗೆ ಬೇಕಾಗಿರಲಿಲ್ಲ. ಈಗ ಹಿಡಿ ಒತ್ತಿದರೆ ಟಕ್ ಅನ್ನಲಿಲ್ಲ. ಬೆಣ್ಣೆಯಿಂದ ಕೂದಲೆಳೆದಷ್ಟು ನಯವಾಗಿ ಸರಿಯಿತು, ಬಿಟ್ಟಲ್ಲಿ ನಿಂತಿತು.

"ಟಕ್ ಅನ್ನದಿದ್ರ ಎಲ್ಲಿ ನಿಲ್ಲಿಸಬೇಕಂತ ಹೆಂಗ ತಿಳೀತದ್ರಿ?"

"ಚೈನು ಕರಕರ ಅಂದ್ರ ಸರಿಸು. ಅದು ಸುಮ್ಮನಾದಲ್ಲಿ ಬಿಡು. ನಿನ್ನ ಕಿವಿ ಅದರ ಕಡೆ ಇರ್ಲಿ, ನನ್ನ ಕಡೆ ಬ್ಯಾಡ."

ಅಡವಯ್ಯ ಜೋಳಿಗೆ ಹೆಗಲಿಗೇರಿಸಿ ಹೊರಟ. ಏರಿನಲ್ಲಿ ಚೈನು ಗೊಣಗಿತು. ಎಳ್ಳಷ್ಟು ಸರಿಸಿದ. ಇನ್ನೂ ಗೊಣಗಿತು. ಇನ್ನೊಂದು ಎಳ್ಳಷ್ಟು ಸರಿಸಿದ. ಸುಮ್ಮನಾಯಿತು, ಸೈಕಲ್ ಹತ್ತಿತು.

ಸಂಜೆ ಅವನು ಮರಳಿದಾಗ ಅಜ್ಜಾರು ಕಟ್ಟೆಯ ಮೇಲೆ ದಾರಿ ನೋಡುತ್ತ ಕೂತಿದ್ದರು. ಅವನು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. ಬಾಗಿಲಲ್ಲಿ ನಿಂತು ಅಜ್ಜಾರ ಮಾತನ್ನೇ ಶುರುಮಾಡಿದ್ದ. ಸಂಗವ್ವ ಮುಖ ಗಂಟಿಕ್ಕಿದಳು. ಅವನು ಅಲ್ಲಿಗೇ ಬಿಟ್ಟ. ಆಮೇಲೆ ಬಾಯಿಗೆ ಬಂದದ್ದು ಒಂದೇ, ನನ್ನಿಂದ ಅಜ್ಜಾರು ಬಿದ್ದರು ಎಂಬುದು. ಹೇಳುತ್ತ ಅತ್ತುಬಿಟ್ಟ. ಆಕೆ ಸೆರಗಿನಿಂದ ಅವನ ಮುಖ ಒರೆಸಿದಳು. ಜೋಳಿಗೆಗೆ ರೊಟ್ಟಿ ಹಾಕಿದಳು. ಒಳಗೆ ಕರೆದು ತನ್ನ ಜೊತೆಯಲ್ಲೇ ಉಣ್ಣಲು ಕೂರಿಸಿದಳು.

"ನಿಮ್ಮ ಮಾತು ಪೂರಾ ಹೇಳಲಿಲ್ರಿ ಅಜ್ಜಾರ. ಭಿಕ್ಷಾ ನಿಮ್ಮ ಮುಂದ ಇಡೂಕಿಂತ ಮೊದಲ ಉಂಡೂ ಬಿಟ್ಟೆ. ತಪ್ಪಾತ್ರಿ."

"ಆಕಿ ಉಂಡಳೇನು?"

"ಉಂಡಳ್ರಿ. ಹೊಟ್ಟಿ ತುಂಬ ಉಂಡಳು."

ಅಜ್ಜಾರು ಕೈ ಚಾಚಿದರು.

"ಹಂಗಾರ ಆ ಜೋಳಿಗ್ಯಾಗಿಂದು ನನಗೂ ಒಂದು ರೊಟ್ಟಿ ಕೊಡು, ತಮ್ಮಾ. ಬೆಳಿಗ್ಗಿಂದ ನಾನೂ ಉಂಡಿಲ್ಲ."