ಎರಡು ಮನೆಗಳ ಮಾತು

ಮಲಪ್ರಭೆಯ ದಂಡೆಯಲ್ಲಿ ಅಡವಯ್ಯಜ್ಜನವರ ಆಶ್ರಮವಿತ್ತು. ಅದರ ಜಗಲಿಯಲ್ಲಿ ಮಹಿನ್‌ಬಾಯಿ ಎಂಬಾಕೆ ಊರ ಮಕ್ಕಳಿಗೆ ಪ್ರಾರ್ಥನೆ, ಒಳ್ಳೆಯ ನಡತೆ ಹೇಳಿಕೊಡುತ್ತಿದ್ದಳು. ಆಕೆ ಇರಾನಿನಲ್ಲಿ ಹುಟ್ಟಿದ ಬಹಾಯಿ ಧರ್ಮದವಳು.

ಊರ ಕೆಲವರಿಗೆ ಅನುಮಾನ ಬಂತು. ಇದು ಯಾವ ಧರ್ಮವೋ ಏನೋ, ಪಾಠ ನಿಲ್ಲಿಸಿಬಿಡಿ ಎಂದರು. ವಿಚಾರಿಸಿ ನೋಡೋಣ ಎಂದ ಅಜ್ಜನವರು ಶಿಷ್ಯ ಮುರಿಗೆಪ್ಪನನ್ನು ಕರೆದರು.

“ಆ ಧರ್ಮ ನಂಬಿದವರನ್ನೂ ಕೇಳು, ಬಿಟ್ಟವರನ್ನೂ ಕೇಳು. ಸೋಮವಾರ ಸಭೆಗೆ ಬಂದು ಹೇಳು.”

ಮುರಿಗೆಪ್ಪ ಓದಿಕೊಂಡವನು, ಮಾತುಗಾರ. ಸಭೆ ತಲೆದೂಗಿದರೆ ಅವನಿಗೆ ಊಟ ಬೇಡ.

ಮೊದಲು ಮಹಿನ್‌ಬಾಯಿಯ ಮನೆಗೆ ಹೋದ. ದೇವರು ಒಬ್ಬನೇ, ಧರ್ಮಗಳೆಲ್ಲ ಅವನಿಂದಲೇ ಬಂದವು, ಮನುಷ್ಯರೆಲ್ಲ ಒಂದೇ ಮನೆಯವರು ಎಂದು ಆಕೆ ಹೇಳಿದಳು. ತಮ್ಮಲ್ಲಿ ಪೂಜಾರಿಗಳಿಲ್ಲ, ಗಂಡು ಹೆಣ್ಣು ಸಮಾನರು ಎಂದಳು. ಇರಾನಿನಲ್ಲಿ ಈ ನಂಬಿಕೆಗಾಗಿ ಸೆರೆಯಾಗಿದ್ದ ಆಕೆಯ ದೊಡ್ಡಪ್ಪ ಧರ್ಮ ಬಿಟ್ಟೆ ಎಂದು ಒಂದು ಮಾತು ಹೇಳಿದ್ದರೆ ಸೆರೆಮನೆಯಿಂದ ಹೊರಬರಬಹುದಿತ್ತು. ಹೇಳಲಿಲ್ಲ. ಅಲ್ಲೇ ತೀರಿಕೊಂಡ.

ಹಾಗಾದರೆ ಲೋಕದ ಬಹಾಯಿಗಳನ್ನೆಲ್ಲ ನಡೆಸುವ ನಿಮ್ಮ ಅತ್ಯುನ್ನತ ಸಭೆಯಲ್ಲಿ ಗಂಡಸರು ಮಾತ್ರ ಏಕೆ ಎಂದು ಮುರಿಗೆಪ್ಪ ಕೇಳಿದ. ಉಳಿದ ಎಲ್ಲ ಜವಾಬ್ದಾರಿಗಳಲ್ಲೂ ಹೆಂಗಸರಿದ್ದಾರೆ, ಇದೊಂದು ನಮ್ಮ ಗ್ರಂಥದಲ್ಲೇ ಇದೆ, ಕಾರಣ ಮುಂದೆ ತಿಳಿಯುತ್ತದೆ ಎಂದು ನಂಬುತ್ತೇವೆ ಎಂದಳು. ಆಮೇಲೆ ದನಿ ತಗ್ಗಿಸಿದಳು.

“ಆ ಪ್ರಶ್ನೆ ನನ್ನೊಳಗೂ ಐತಿ, ತಮ್ಮಾ. ಅದನ್ನ ಇಟ್ಟುಕೊಂಡೇ ಪ್ರಾರ್ಥನೆ ಮಾಡ್ತೀನಿ.”

ಆಮೇಲೆ ಅವನು ಅಂದಾನೆಪ್ಪ ಮಾಸ್ತರರ ಮನೆಗೆ ಹೋದ. ಮಾಸ್ತರರು ಹಿಂದೆ ಬಹಾಯಿ ಆಗಿದ್ದವರು, ಆಮೇಲೆ ಬಿಟ್ಟವರು. ಸತ್ಯವನ್ನು ನೀನೇ ಹುಡುಕು ಎನ್ನುವ ಧರ್ಮದಲ್ಲಿ, ಧರ್ಮದ ಬಗ್ಗೆ ಬರೆದದ್ದನ್ನು ಅಚ್ಚಿಗೆ ಮುಂಚೆ ಪರಿಶೀಲನೆಗೆ ಕೊಡಬೇಕೆಂಬುದು ತಮಗೆ ಒಗ್ಗಲಿಲ್ಲ ಎಂದರು. ತಾವಾಗಿಯೇ ಹೊರಬಂದರಂತೆ. ಯಾರೂ ಬಯ್ಯಲಿಲ್ಲ. ಆದರೆ ಗೆಳೆಯರು ಒಬ್ಬೊಬ್ಬರಾಗಿ ಮನೆಗೆ ಬರುವುದನ್ನು ಬಿಟ್ಟರು.

ಅಷ್ಟು ಹೇಳಿ ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಿಂದೆ ಹೆಂಡತಿ ಹಾಸಿಗೆ ಹಿಡಿದಾಗ ಅನ್ನ ಬೇಯಿಸಿ ಹಾಕಿದವರೂ ಆ ಗೆಳೆಯರೇ ಎಂದರು.

ಸೋಮವಾರ ಸಭೆ ತುಂಬಿತ್ತು. ಮಹಿನ್‌ಬಾಯಿ ಹೆಂಗಸರ ಸಾಲಿನಲ್ಲಿ ಕೂತಿದ್ದಳು, ಮಾಸ್ತರರು ಕಂಬಕ್ಕೆ ಒರಗಿದ್ದರು.

ಮುರಿಗೆಪ್ಪ ಒಳ್ಳೆಯದರಿಂದಲೇ ಶುರು ಮಾಡಿದ. ಸಭೆ ಆಕಳಿಸಿತು. ಆಗ ಅವನು ದಾರಿ ಬದಲಿಸಿದ. ಸಮಾನತೆ ಎನ್ನುತ್ತಾರೆ, ಮೇಲಿನ ಕುರ್ಚಿಗಳೆಲ್ಲ ಗಂಡಸರಿಗೆ ಎಂದ. ಜನ ನಕ್ಕರು. ಮನುಷ್ಯರೆಲ್ಲ ಒಂದೇ ಮನೆ ಎನ್ನುತ್ತಾರೆ, ಮಾಸ್ತರರ ಮನೆಯ ಹೊಸಿಲು ಮಾತ್ರ ತುಳಿಯುವುದಿಲ್ಲ ಎಂದ. ಮತ್ತೂ ನಕ್ಕರು. ಆ ನಗುವಿನ ಸೆಳವಿನಲ್ಲೇ ಅವನ ಬಾಯಿಂದ ಬಂತು:

“ಬೇರೆಯವರು ಯಾಕೆ? ಮಹಿನ್‌ಬಾಯಿಗೇ ನಂಬಿಕೆ ಇಲ್ಲ. ನನ್ನ ಮುಂದೆ ತಾನೇ ಒಪ್ಪಿಕೊಂಡಾಳ.”

ಮಹಿನ್‌ಬಾಯಿ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಪಾಠ ನಿಲ್ಲಲಿ ಎಂದು ಯಾರೋ ಕೂಗಿದರು.

ಎದ್ದು ನಿಂತವರು ಅಂದಾನೆಪ್ಪ ಮಾಸ್ತರರು.

“ನಾ ಹೇಳಿದ್ದು ಇದಲ್ಲ. ನಾ ಬಿಟ್ಟು ಬಂದದ್ದು ಖರೆ. ಆದರೆ ನನ್ನ ನೋವು ತಗೊಂಡು ಈಕೀನ ಹೊಡೀಲಿಕ್ಕೆ ನಿನಗೆ ಯಾರು ಹೇಳಿದ್ರು?”

ಮುರಿಗೆಪ್ಪನ ಕಿವಿ ಬಿಸಿಯಾದವು. ಅಜ್ಜನವರತ್ತ ನೋಡಿದ. ಅವರು ಯಾರನ್ನೂ ಬಯ್ಯಲಿಲ್ಲ. ವಿಚಾರಣೆ ಇನ್ನೂ ಮುಗಿದಿಲ್ಲ, ಅಲ್ಲಿಯವರೆಗೆ ಪಾಠ ನಡೆಯಲಿ ಎಂದು ಸಭೆ ಮುಗಿಸಿದರು. ಆಮೇಲೆ ಅವನೊಬ್ಬನಿಗೇ ಹೇಳಿದರು:

“ಮಾಸ್ತರರ ದೂರನ್ನ ಮಹಿನ್‌ಬಾಯಿಗೆ ಹೇಳು. ಆಕಿ ನಂಬಿಕೆಯನ್ನ ಮಾಸ್ತರರಿಗೆ ಹೇಳು.”

ಮರುದಿನ ಮಹಿನ್‌ಬಾಯಿಯ ಬಾಗಿಲಲ್ಲಿ ನಿಂತಾಗ ಮುರಿಗೆಪ್ಪನಿಗೆ ತಲೆ ಎತ್ತಲಾಗಲಿಲ್ಲ. ತಪ್ಪಾಯಿತು ಎಂದ. ಆಕೆ ಪರವಾಗಿಲ್ಲ ಎನ್ನಲಿಲ್ಲ, ಒಳಗೆ ಬಾ ಎಂದಳು. ಅವನು ಈ ಸಲ ನಗುವಿಲ್ಲದೆ, ಮಾಸ್ತರರು ಹೇಳಿದಷ್ಟನ್ನೇ ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡು ಹೇಳಿದಳು:

“ಅವರ ಮನೀಗೆ ಹೋಗಬ್ಯಾಡ್ರಿ ಅಂತ ನಮಗ್ಯಾರೂ ಹೇಳಿರಲಿಲ್ಲ. ನಾವೇ ಬಿಟ್ವಿ. ನಾನೂ ಬಿಟ್ಟೆ.”

ಮಾಸ್ತರರ ಮನೆಯಲ್ಲಿ ಅವನು ಮಹಿನ್‌ಬಾಯಿಯ ನಂಬಿಕೆಯನ್ನು ವಿವರಿಸಿದ. ಮಾಸ್ತರರು ನಡುವೆ ತಡೆದರು. ಧರ್ಮಗಳನ್ನೆಲ್ಲ ಕಲಸಿ ಒಂದು ಮಾಡಿದ್ದಾರೆ ಎಂದು ಅವನು ಹೇಳಿದ್ದು ತಪ್ಪು ಎಂದು ತಿದ್ದಿದರು. ದೇವರು ಕಾಲಕಾಲಕ್ಕೆ ಕಲಿಸುತ್ತ ಬಂದಿದ್ದಾನೆ, ಪಾಠ ಬೆಳೆಯುತ್ತ ಹೋಗುತ್ತದೆ ಎಂಬುದು ಬಹಾಯಿಗಳ ಮಾತು ಎಂದರು. ಹೇಳುತ್ತ ಹೇಳುತ್ತ ಮಾಸ್ತರರ ದನಿ ಮೆತ್ತಗಾಯಿತು. ತಾವೇ ಒಪ್ಪದ್ದನ್ನು ಇಷ್ಟು ಅಕ್ಕರೆಯಿಂದ ಹೇಳುವವರನ್ನು ಮುರಿಗೆಪ್ಪ ನೋಡಿರಲಿಲ್ಲ.

ಅವನು ಅಲ್ಲಿಂದ ಹೊರಡುವಾಗ ಮಹಿನ್‌ಬಾಯಿ ಓಣಿಯ ತಿರುವಿನಲ್ಲಿ ಬರುತ್ತಿದ್ದಳು. ಅವನನ್ನು ದಾಟಿ ಮಾಸ್ತರರ ಕದ ತಟ್ಟಿದಳು. ಅವನು ನಿಂತು ನೋಡಲಿಲ್ಲ.

ಅಜ್ಜನವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

“ಅಜ್ಜಾ, ಇಬ್ಬರೂ ನನ್ನನ್ನ ನಂಬಿ ಮನಸ್ಸು ಬಿಚ್ಚಿದ್ರು. ನಾನು ಅದನ್ನ ಜನರ ನಗುವಿಗೆ ಮಾರಿದೆ. ಇನ್ನೊಬ್ಬರ ಧರ್ಮದ ಬಗ್ಗೆ ಇನ್ನು ಬಾಯಿ ತೆರೆಯೋದಿಲ್ಲ.”

“ಬರೋ ಸೋಮವಾರ ಮತ್ತ ಸಭೆ ಐತಿ. ನೀನೇ ಹೇಳಬೇಕು.”

“ಮುಖ ತೋರಿಸೋಕೂ ನಾಚಿಕೆ ಆಗ್ತದ, ಅಜ್ಜಾ. ಈ ನಾಚಿಕೆ ಹೋದಮೇಲೆ ಹೇಳ್ತೀನಿ.”

ಅಜ್ಜನವರು ಅವನ ಹೆಗಲ ಮೇಲೆ ಕೈಯಿಟ್ಟರು.

“ನಾಚಿಕೆ ಇದ್ದಾಗಲೇ ನಾಲಿಗಿ ಹದದಾಗ ಇರ್ತೈತಿ. ಅದು ಹೋಗೋದರೊಳಗೇ ಹೇಳು.”